ಸರ್ವರ್ ಡೌನ್ ಅಂದರೆ ಎಲ್ಲಿ ಡೌನ್?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಓದುಗರಿಗೆ ಈ ಮಾತು ಹೊಸದಲ್ಲ: "ಸರ್ವರ್ ಡೌನ್, ನಾಳೆ ಬನ್ನಿ." ಸುದ್ದಿಗಾಗಿ ಈ ಮೂರು ತಾಲೂಕು ಸುತ್ತುವ ನಾನೂ ಅದನ್ನು ನಂಬಿಕೊಂಡೇ ಬಂದವನು. "ಸರ್ವರ್ ಸಮಸ್ಯೆ, ಜನರ ಪರದಾಟ" ಎಂದು ಎಷ್ಟು ಸಲ ಬರೆದು ಕಳಿಸಿದ್ದೇನೋ ಲೆಕ್ಕವಿಲ್ಲ. ಕಳೆದ ಮಳೆಗಾಲದ ಒಂದು ಬೆಳಿಗ್ಗೆಯ ನಂತರ ಹಾಗೆ ಬರೆಯುವುದು ಬಿಟ್ಟಿದ್ದೇನೆ.

ಊರು, ಕಚೇರಿಯ ಹೆಸರು ಬೇಡ. ಒಂದು ಸೇವಾ ಕೌಂಟರ್, ಎರಡು ಕಂಪ್ಯೂಟರ್. ಘಟ್ಟದ ಬುಡದ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಅಜ್ಜಿಯೊಬ್ಬರು ಮೊಮ್ಮಗನ ಆದಾಯ ಪ್ರಮಾಣಪತ್ರಕ್ಕೆ ಕಾಯುತ್ತಿದ್ದರು. ಅದು ಅವರ ಮೂರನೇ ಸಲ. "ತಮಾ, ಇವತ್ತಾದ್ರೂ ಸರ್ವರ್ ಬತ್ತದೋ ಇಲ್ವೋ, ಒಂದ್ಸಲ ಕೇಳು" ಅಂದರು. ಕೇಳಲು ಹೋದಾಗ ಕಣ್ಣಿಗೆ ಬಿದ್ದದ್ದು ಪಕ್ಕದ ಕಂಪ್ಯೂಟರ್. ಅದರಲ್ಲಿ ಕೆಲಸ ಸರಾಗವಾಗಿ ನಡೆಯುತ್ತಿತ್ತು.

ನೆಟ್‌ವರ್ಕ್ ಕೇಬಲ್ ಕೆಲಸ ಮಾಡುವ ಕುಮಟಾದ ಗೆಳೆಯನಿಗೆ ಫೋನ್ ಹಚ್ಚಿದೆ. ಅವನ ಮೊದಲ ಪ್ರಶ್ನೆಯೇ, "ಎಲ್ಲಾ ಕಂಪ್ಯೂಟರಿಗೂ ಹೀಗೋ, ಒಂದಕ್ಕೆ ಮಾತ್ರವೋ?" ಒಂದಕ್ಕೆ ಅಂದೆ. "ಹಾಗಾದ್ರೆ ಸರ್ವರ್ ಡೌನ್ ಅಲ್ಲ ಮಾರಾಯಾ. ಎರಡರದ್ದೂ ಐಪಿ ನಂಬರ್ ಓದು."

ಕೌಂಟರಿನ ಹುಡುಗ ಒಳ್ಳೆಯವನು, ಬೇಸರಿಸದೆ ತೆಗೆದು ತೋರಿಸಿದ. ಕೆಲಸ ಮಾಡುವ ಕಂಪ್ಯೂಟರಿನ ನಂಬರ್ 10ರಿಂದ ಶುರುವಾಗಿತ್ತು. ಕೆಟ್ಟಿದೆ ಎಂದಿದ್ದರ ನಂಬರ್ 192.168ರಿಂದ. ಒಂದೇ ಕೋಣೆ, ಒಂದೇ ಲೈನು, ಎರಡು ಬೇರೆ ಊರಿನ ವಿಳಾಸ! ಮೇಜಿನ ಕೆಳಗೆ ಬಗ್ಗಿ ನೋಡಿದರೆ ಸಿಕ್ಕಿತು: ಮೊಬೈಲಿಗೆ ವೈಫೈ ಸಿಗಲಿ ಎಂದು ಯಾರೋ ಮನೆಯಿಂದ ತಂದು ಸಿಕ್ಕಿಸಿದ್ದ ಸಣ್ಣ ರೌಟರ್.

ಇದರ ಒಳಗುಟ್ಟು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ, ಏಕೆಂದರೆ ನಾವು ಗೇಣಿ ಕಂಡವರು. ನೆಟ್‌ವರ್ಕಿನಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಕಂಪ್ಯೂಟರ್ ಆನ್ ಆದೊಡನೆ "ನನಗೊಂದು ವಿಳಾಸ ಕೊಡಿ" ಎಂದು ಇಡೀ ಲೈನಿಗೆ ಕೇಳುವಂತೆ ಕೂಗು ಹಾಕುತ್ತದೆ. ಕೊಡುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಅದು ಕೊಡುವುದು ಚಾಲಗೇಣಿ. ಇಂತಿಷ್ಟು ಗಂಟೆಗೆ ಮಾತ್ರ. ಸಾಮಾನ್ಯವಾಗಿ ಅವಧಿ ಅರ್ಧ ಕಳೆದಾಗ ಯಂತ್ರವೇ ನವೀಕರಣ ಕೇಳುತ್ತದೆ. ಪ್ರಿಂಟರಿನಂಥವಕ್ಕೆ ಕೈಯಾರೆ ಕಾಯಂ ನಂಬರ್ ಕೊಡುವುದುಂಟು, ಅದು ಮೂಲಗೇಣಿ. ತೊಂದರೆ ಏನೆಂದರೆ ಕೂಗಿಗೆ ಯಾರು ಮೊದಲು ಓಗೊಟ್ಟರೂ ಕಂಪ್ಯೂಟರ್ ನಂಬಿಬಿಡುತ್ತದೆ. ಮನೆಯ ರೌಟರಿನಲ್ಲೂ ವಿಳಾಸ ಹಂಚುವ ಗುಮಾಸ್ತನಿದ್ದಾನೆ. ಹೊರಗಿನ ಲೈನ್ ಹಾಕುವ ತೂತಿಗೆ ಸಿಕ್ಕಿಸಿದ್ದರೆ ಅವನು ತನ್ನ ಮನೆ ನೋಡಿಕೊಂಡು ಸುಮ್ಮನಿರುತ್ತಿದ್ದ. ಇಲ್ಲಿ ಒಳಗಿನ ತೂತಿಗೆ ಹಾಕಿದ್ದರು, ಕಚೇರಿಗೂ ಹಂಚತೊಡಗಿದ. ನಿನ್ನೆಯ ಗೇಣಿ ಇನ್ನೂ ಉಳಿದಿದ್ದ ಕಂಪ್ಯೂಟರ್ ಬಚಾವಾಯಿತು, ಬೆಳಿಗ್ಗೆ ಹೊಸದಾಗಿ ಕೇಳಿದ್ದು ಸಿಕ್ಕಿಬಿದ್ದಿತು.

ರೌಟರ್ ಕಿತ್ತು, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರು. ಫೋನ್ ಹಚ್ಚಿದಲ್ಲಿಂದ ಇಪ್ಪತ್ತು ನಿಮಿಷ. ಬೆಂಗಳೂರಿನ ಸರ್ವರ್ ಪಾಪ, ಬೆಳಿಗ್ಗೆಯಿಂದ ಎದ್ದೇ ಕುಳಿತಿತ್ತು.

ಸರ್ವರ್ ಯಾವತ್ತೂ ಬೀಳುವುದಿಲ್ಲ ಎನ್ನುತ್ತಿಲ್ಲ. ಹೆದ್ದಾರಿ ಅಗೆಯುವಾಗ ಕೇಬಲ್ ತುಂಡಾಗುತ್ತದೆ, ಸಿಡಿಲಿಗೆ ಪೆಟ್ಟಿಗೆಗಳು ಸುಡುತ್ತವೆ, ಕರೆಂಟ್ ಕಥೆ ಬಿಡಿ. ಆದರೆ ಆಗ ಕೋಣೆಯ ಎಲ್ಲ ಯಂತ್ರಗಳೂ ಕೂರುತ್ತವೆ. ಒಂದು ನಡೆದು ಇನ್ನೊಂದು ನಡೆಯದಿದ್ದರೆ ಮೊದಲು ಹುಡುಕಬೇಕಾದದ್ದು ಮೇಜಿನ ಕೆಳಗೆ. ನಂಬರ್ 169.254ರಿಂದ ಶುರುವಾಗಿದ್ದರೆ ವಿಂಡೋಸ್ ಕಂಪ್ಯೂಟರಿನ ಕೂಗಿಗೆ ಯಾರೂ ಓಗೊಟ್ಟಿಲ್ಲ, ತನಗೆ ತಾನೇ ಒಂದು ವಿಳಾಸ ಬರೆದುಕೊಂಡಿದೆ ಎಂದರ್ಥ. ಕೇಬಲ್ ಸಡಿಲವಿರಬಹುದು, ಸ್ವಿಚ್ ಪೆಟ್ಟಿಗೆ ಸತ್ತಿರಬಹುದು, ಅಥವಾ ಹಂಚಲು ನಂಬರೇ ಮುಗಿದಿರಬಹುದು. ಸಣ್ಣ ನೆಟ್‌ವರ್ಕಿನ ಒಂದು ಸಾಲಿನಲ್ಲಿ ಸಾಮಾನ್ಯವಾಗಿ 254 ವಿಳಾಸಗಳಷ್ಟೇ. ಕಾಲೇಜಿನ ವೈಫೈ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನಕ್ಕೆ ಹೊಸಬರನ್ನು ಸೇರಿಸದಿದ್ದರೆ ಕಾರಣ ಇದೇ ಇರಬಹುದು: ಹುಡುಗರು ಮನೆಗೆ ಹೋದರೂ ಅವರ ಮೊಬೈಲಿನ ಗೇಣಿ ಇನ್ನೂ ಮುಗಿದಿರುವುದಿಲ್ಲ. ಅವಧಿಯನ್ನು ಒಂದು ಗಂಟೆಗೆ ಇಳಿಸಿದರೆ ಅರ್ಧ ರಗಳೆ ಕಡಿಮೆ.

ವಿಳಾಸದ ಬರ ಜಗತ್ತಿಗೇ ಇದೆ. ಹಳೆಯ ಪದ್ಧತಿಯ ಐಪಿ ವಿಳಾಸ ಒಟ್ಟು ಸುಮಾರು 429 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿಹೋಯಿತು. ಅಂದಿನಿಂದ ಕಂಪನಿಗಳು ಒಂದು ವಿಳಾಸವನ್ನು ಹತ್ತಾರು, ನೂರಾರು ಗ್ರಾಹಕರಿಗೆ ಹಂಚಿ ನಡೆಸುತ್ತಿವೆ. ದುಬೈಯಲ್ಲಿ ಕೂತು ಭಟ್ಕಳದ ಮನೆಯ ಕ್ಯಾಮೆರಾ ನೋಡಲು ಹೋಗಿ ಸೋತವರಿಗೆ ಇದು ಗೊತ್ತಿರಬೇಕು. ಎಷ್ಟೋ ಸಲ ಕೆಟ್ಟಿರುವುದು ಕ್ಯಾಮೆರಾ ಅಲ್ಲ, ಆ ಮನೆಗೆ ಹೊರಗಿನಿಂದ ಕರೆಯಬಹುದಾದ ಸ್ವಂತ ವಿಳಾಸವೇ ಇಲ್ಲ. ಹೊಸ ಪದ್ಧತಿ ಐಪಿವಿ6ರಲ್ಲಿ ಬರವಿಲ್ಲ. ನಿಮ್ಮ ಕೈಯ ಮೊಬೈಲ್ ಬಹುಶಃ ಅದನ್ನು ಬಳಸುತ್ತಲೂ ಇದೆ.

ಕೌಂಟರಿಗೆ ಮರಳೋಣ. ನನ್ನ ತಕರಾರು ಇರುವುದು ಯಂತ್ರದ ಮೇಲಲ್ಲ. ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್‌ನಿಂದ ಇಡೀ ರಾಜ್ಯಕ್ಕೆ ಬಂತು. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಅದರಲ್ಲಿದೆ. ಆದರೆ ದಿನದ ಎಣಿಕೆ ಶುರುವಾಗುವುದು ಅರ್ಜಿ ದಾಖಲಾಗಿ ಸ್ವೀಕೃತಿ ಸಿಕ್ಕ ಮೇಲೆ. "ಸರ್ವರ್ ಡೌನ್" ಎಂದು ತಿರುಗಿಸಿ ಕಳಿಸಿದವರ ಅರ್ಜಿ ದಾಖಲಾಗುವುದೇ ಇಲ್ಲ. ಆ ಅಜ್ಜಿ ಮೂರು ಸಲ ಬಂದರೂ ಸರಕಾರದ ಪುಸ್ತಕದಲ್ಲಿ ಅವರು ಒಂದು ದಿನವೂ ಕಾದಿಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಡ. ಯಾವ ಕಂಪ್ಯೂಟರಿಗೆ, ಪ್ರಿಂಟರಿಗೆ ಯಾವ ಸಾಲಿನ ನಂಬರ್ ಬರಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲಿ. ನೆಟ್‌ವರ್ಕ್ ನೋಡುವವರು ಕಾರವಾರದಲ್ಲೋ ಬೆಂಗಳೂರಿನಲ್ಲೋ ಇದ್ದರೆ ಇರಲಿ, ಕೌಂಟರಿನ ಹುಡುಗನಿಗೆ ಆ ನಂಬರ್ ಓದಲು ಅರ್ಧ ದಿನದ ತರಬೇತಿ ಸಾಕು. ಎಷ್ಟು ಗಂಟೆಗೆ ನಿಂತಿತು, ಯಾಕೆ ನಿಂತಿತು, ಯಾರನ್ನು ವಾಪಸ್ ಕಳಿಸಿದೆವು ಎಂದು ಬರೆಯಲು ಒಂದು ಪುಸ್ತಕ ಇಡಲಿ. ಈ ಪುಸ್ತಕದ ಮಾತು ಎತ್ತಿದಾಗಲೇ ಅಲ್ಲಿದ್ದ ಮೇಲಿನವರ ಮುಖ ಸಣ್ಣದಾದದ್ದು.

ಅಜ್ಜಿಯ ಅರ್ಜಿ ಹನ್ನೊಂದೂವರೆಗೆ ದಾಖಲಾಯಿತು. ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಧ್ಯಾಹ್ನದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.