ಹೇಳುವವರಿಲ್ಲದ ತರಗತಿ

ಆನ್‌ಲೈನ್ ಓದು ನಮ್ಮ ಕಡೆಯ ಹುಡುಗರಿಗೆ ಒಗ್ಗುವುದಿಲ್ಲ ಎನ್ನುವವರು ಮೊದಲು ನೆಟ್‌ವರ್ಕನ್ನು ದೂರುತ್ತಾರೆ, ಆಮೇಲೆ ಇಂಗ್ಲಿಷನ್ನು. ಎರಡೂ ಸುಳ್ಳಲ್ಲ. ಆದರೆ ಮದ್ದೂರಿನಲ್ಲಿ ರೈಲು ಹತ್ತುವ, ರೈಲಿಲ್ಲದ ಮಳವಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಮಂಡ್ಯಕ್ಕೆ ಬರುವ ಪದವಿ ವಿದ್ಯಾರ್ಥಿಗಳು ದಾರಿಯುದ್ದಕ್ಕೂ ಫೋನಿನಲ್ಲೇ ಇರುತ್ತಾರೆ. ಸಿಕ್ಕದಿರುವುದು ಸಿಗ್ನಲ್ ಒಂದೇ ಅಲ್ಲ, ತಾವೇ ಯೋಚಿಸಿ ಕಲಿಯುವ ರೂಢಿಯೂ ಹೌದು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸ್ಟರ್ನ್‌ಬರ್ಗ್ ಯೋಚನೆಯ ಶೈಲಿಗಳ ಬಗ್ಗೆ 1997ರಲ್ಲಿ ಪುಸ್ತಕವೊಂದನ್ನು ಬರೆದರು. ಸರ್ಕಾರಕ್ಕಿರುವಂತೆ ಮನಸ್ಸಿಗೂ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳಿವೆ ಎಂಬುದು ಅವರ ವಾದ. ಕೆಲವರು ನಿಯಮವನ್ನು ತಾವೇ ಮಾಡಿಕೊಳ್ಳುತ್ತಾರೆ, ಕೆಲವರು ಕೊಟ್ಟ ನಿಯಮದಂತೆ ನಡೆಯುತ್ತಾರೆ, ಇನ್ನು ಕೆಲವರು ತೂಗಿ ನೋಡುತ್ತಾರೆ. ಇದು ಜಾಣತನದ ಅಳತೆಯಲ್ಲ. ಇರುವ ಜಾಣತನವನ್ನು ಬಳಸುವ ರೂಢಿ. ಬೆಳೆದ ವಾತಾವರಣ ಅದನ್ನು ರೂಪಿಸುತ್ತದೆ, ಕೆಲಸ ಬದಲಾದರೆ ಶೈಲಿಯೂ ಬದಲಾಗಬಹುದು.

ನಮ್ಮ ಕಾಲೇಜುಗಳು ಬೆಳೆಸುವುದು ಕಾರ್ಯಾಂಗವನ್ನು ಮಾತ್ರ. ‘ಇಂಪಾರ್ಟೆಂಟ್ ಹೇಳಿ ಸಾರ್’ ಎಂಬ ಬೇಡಿಕೆ, ಜೆರಾಕ್ಸ್ ಅಂಗಡಿಯ ನೋಟ್ಸು, ಹತ್ತು ಅಂಕಕ್ಕೆ ಇಷ್ಟು ಪುಟ ಎಂಬ ಲೆಕ್ಕ. ಹೀಗೆ ಪಳಗಿದವರ ಮುಂದೆ 2017ರಲ್ಲಿ ಬಂದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯನ್ನು ಇಟ್ಟು, ನಿನ್ನ ವೇಗ ನೀನೇ ನೋಡಿಕೋ ಎನ್ನುತ್ತೇವೆ. ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಅಲ್ಲೇ ಮುಗಿಸಿಕೊಳ್ಳಲು ಯುಜಿಸಿ 2021ರಲ್ಲಿ ಅವಕಾಶವನ್ನೂ ಕೊಟ್ಟಿತು. ಆಗುವುದೇನು? ‘ಸ್ವಯಂ’ನಲ್ಲೇ ಸಿಗುವ ಎನ್‌ಪಿಟಿಇಎಲ್ ಕೋರ್ಸಿನಲ್ಲಿ ವಾರದ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಅಸೈನ್‌ಮೆಂಟಿನ ಉತ್ತರಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ವಿಡಿಯೊ ಪಾಠ ನೋಡದೆಯೇ ಆ 25ಕ್ಕೆ ಕೈ ಹಾಕಬಹುದು. ಇದನ್ನು ಸೋಮಾರಿತನ ಎನ್ನಲಾರೆ. ಹೇಳಿದ್ದನ್ನು ಹೇಳಿದಷ್ಟೇ ಮಾಡು ಎಂದು ಕಲಿಸಿದ್ದನ್ನು ಅವರು ನಿಷ್ಠೆಯಿಂದ ಪಾಲಿಸುತ್ತಿದ್ದಾರೆ.

ಇದೇ ಹುಡುಗ ಮನೆಗೆ ಹೋದರೆ ಬೇರೆಯವನು. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೈಕೊಟ್ಟರೆ ಮೂರು ವಿಡಿಯೊ ನೋಡಿ, ಒಂದನ್ನು ‘ಇವನು ಬುರುಡೆ ಬಿಡ್ತಾನೆ’ ಎಂದು ಬದಿಗಿಟ್ಟು, ಇನ್ನೊಂದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾನೆ. ಏನು ಬೇಕೆಂದು ಗೊತ್ತುಮಾಡಿಕೊಂಡಿದ್ದಾನೆ, ಹೋಲಿಸಿದ್ದಾನೆ, ತೀರ್ಪು ಕೊಟ್ಟಿದ್ದಾನೆ. ಸ್ವಯಂ ಕಲಿಕೆ ಎಂದರೆ ಇದಕ್ಕಿಂತ ಬೇರೆಯೇನಲ್ಲ. ಅರ್ಥಶಾಸ್ತ್ರದ ಪಾಠದ ಮುಂದೆ ಈ ಬುದ್ಧಿ ಏಕೆ ಮಂಕಾಗುತ್ತದೆ ಎಂದರೆ, ಅಲ್ಲಿ ಪ್ರಶ್ನೆ ಅವನದಲ್ಲ.

ಹಾಗೆಂದು ಮೇಷ್ಟ್ರೇ ಬೇಡ ಎನ್ನುವುದೂ ತಪ್ಪು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತು. ಮುಂದೆ, 1996ರಲ್ಲಿ, ಆ ವಿಭಾಗವೇ ಪ್ರತ್ಯೇಕ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಲ್ಲಿ ಪಾಠ ಮನೆಗೆ ಬರುತ್ತದೆ, ಸಂಪರ್ಕ ತರಗತಿಯೂ ಇರುತ್ತದೆ. ಒಂಟಿಯಾಗಿ ಓದುವವರಿಗೆ ನಡುವೆ ಒಬ್ಬರ ಮುಖ ಬೇಕೆಂಬ ಅರಿವು ಆ ವ್ಯವಸ್ಥೆಯಲ್ಲಿದೆ. ಆನ್‌ಲೈನ್ ಕೋರ್ಸಿಗೂ ಅದೇ ಬೇಕು. ವಾರಕ್ಕೊಂದು ಗಂಟೆ ಪಾಠವನ್ನೇ ಮತ್ತೆ ಒಪ್ಪಿಸದೆ, ನೋಡಿದ್ದರಲ್ಲಿ ಯಾವುದು ಒಪ್ಪಿಗೆಯಾಗಲಿಲ್ಲ, ಏಕೆ ಎಂದು ಕೇಳುವವರು. ಮೊದಲ ಸೆಮಿಸ್ಟರಿನಲ್ಲಿ ಗಡುವನ್ನು ಅಧ್ಯಾಪಕರು ಹಾಕಲಿ, ಮೂರನೆಯದರಲ್ಲಿ ವಿದ್ಯಾರ್ಥಿಯೇ ಹಾಕಿಕೊಳ್ಳಲಿ.

ಇದಕ್ಕೆ ಆ್ಯಪ್ ಬೇಕಿಲ್ಲ, ಒಂದೇ ಕಡೆ ನಾಲ್ಕಾರು ವರ್ಷ ಉಳಿಯುವ ಅಧ್ಯಾಪಕರು ಬೇಕು. ಅತಿಥಿ ಉಪನ್ಯಾಸಕರನ್ನು ನೆಚ್ಚಿ ನಡೆಯುವ ಸರ್ಕಾರಿ ಪದವಿ ಕಾಲೇಜುಗಳಲ್ಲಿ, ಈ ವರ್ಷ ಪ್ರಶ್ನೆ ಕೇಳುವುದನ್ನು ಕಲಿಸಿದವರು ಮುಂದಿನ ವರ್ಷ ಅಲ್ಲೇ ಇರುತ್ತಾರೆಂಬ ಖಾತ್ರಿ ಅವರಿಗೂ ಇಲ್ಲ, ವಿದ್ಯಾರ್ಥಿಗಳಿಗೂ ಇಲ್ಲ.