ವಾಹನ ನಿಲುಗಡೆ ನಿಷೇಧ ಫಲಕಗಳು: ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಅರ್ಜಿದಾರರ ಗಮನಕ್ಕೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಸರಕು ಲಾರಿಗಳು ಸರದಿಗಾಗಿ ರಸ್ತೆಯಂಚಿನಲ್ಲಿ ನಿಲ್ಲುವುದು ಸಾಮಾನ್ಯ. ರಾತ್ರಿ ಪಾಳಿ ಮುಗಿಸಿ ದ್ವಿಚಕ್ರ ವಾಹನಗಳಲ್ಲಿ ಮನೆಗೆ ತೆರಳುವ ಕಾರ್ಮಿಕರಿಗೆ ದೀಪವಿಲ್ಲದೆ ನಿಂತ ಲಾರಿಯು ಪ್ರಾಣಾಪಾಯಕಾರಿಯಾಗಿರುತ್ತದೆ. ಇದನ್ನು ತಡೆಯಲು ಗೇಟಿನ ಎದುರು ಖಾಸಗಿಯವರೇ ಬರೆಯಿಸಿ ನೆಡುವ ಫಲಕಗಳಿಗೆ ಸದುದ್ದೇಶವಿದ್ದರೂ ಕಾನೂನಿನ ಬಲವಿರುವುದಿಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 115ರನ್ವಯ ಮೊದಲು ನಿರ್ಬಂಧದ ಆದೇಶ ಹೊರಡಬೇಕು. ತದನಂತರ ಕಲಂ 116ರನ್ವಯ ಫಲಕ ಸ್ಥಾಪನೆಯಾಗಬೇಕು. ರಾಜ್ಯದಲ್ಲಿ ಇಂತಹ ಆದೇಶಗಳನ್ನು ಕರ್ನಾಟಕ ಮೋಟಾರು ವಾಹನ ನಿಯಮಗಳು, 1989ರ ನಿಯಮ 221ರೊಂದಿಗೆ ಓದಿಕೊಂಡು ಜಿಲ್ಲಾ ದಂಡಾಧಿಕಾರಿಗಳು ಹೊರಡಿಸುತ್ತಾರೆ. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಪ್ರಕಟಣೆ ಅಗತ್ಯವಿಲ್ಲ, ಸ್ಥಳೀಯ ಪ್ರಚಾರ ಸಾಕು. ಅನೇಕರು ಗಮನಿಸದ ಅಂಶವೆಂದರೆ, ಕಲಂ 116ರಲ್ಲಿ ಪ್ರಾಧಿಕಾರವು ಫಲಕವನ್ನು ತಾನೇ ಹಾಕಿಸಬಹುದು ಅಥವಾ ಹಾಕಲು ಅನುಮತಿಸಬಹುದು ಎಂದಿದೆ. ಆದುದರಿಂದ ವೆಚ್ಚ ಭರಿಸಲು ಸಿದ್ಧವಿರುವ ಕಾರ್ಖಾನೆಗಳು ಅನುಮತಿ ಕೋರುವುದಕ್ಕೆ ಅವಕಾಶವಿದೆ. ಅನುಮತಿಯಿಲ್ಲದೆ ಹಾಕುವುದು ಅದೇ ಕಲಂನಡಿ ನಿಷಿದ್ಧ.

ಫಲಕದ ಅಳತೆ, ಬಣ್ಣ ಹಾಗೂ ಮಾದರಿಯು ಅಧಿನಿಯಮದ ಮೊದಲನೇ ಅನುಸೂಚಿಯಂತಿರತಕ್ಕದ್ದು. ತಾಂತ್ರಿಕ ವಿವರಗಳು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 67 ಸಂಹಿತೆಯಲ್ಲಿವೆ. ನೀಲಿ ವೃತ್ತಕ್ಕೆ ಕೆಂಪು ಅಂಚು ಮತ್ತು ಒಂದೇ ಓರೆ ಪಟ್ಟಿಯಿದ್ದಲ್ಲಿ ನಿಲುಗಡೆ ನಿಷೇಧ. ಎರಡು ಪಟ್ಟಿಗಳು ಅಡ್ಡಹಾಯ್ದಿದ್ದಲ್ಲಿ ಕ್ಷಣಕಾಲವೂ ನಿಲ್ಲಿಸುವಂತಿಲ್ಲ. ಸರಕು ಇಳಿಸುವ ಗೇಟಿನೆದುರು ಎರಡನೆಯದನ್ನು ಕೋರಿದಲ್ಲಿ ಅರ್ಜಿದಾರರ ಲಾರಿಗಳೂ ಅದಕ್ಕೆ ಒಳಪಡುತ್ತವೆಂಬುದನ್ನು ಮೊದಲೇ ಆಲೋಚಿಸುವುದು ಲೇಸು. ಚಿಹ್ನೆಯ ಬದಲು ಬರಹವನ್ನೇ ನೆಚ್ಚುವುದೂ ಸೂಕ್ತವಲ್ಲ. ಹಿಂದೂಪುರದ ಕಡೆಯಿಂದ ಬರುವ ಚಾಲಕರೆಲ್ಲರಿಗೂ ಕನ್ನಡ ಓದಲು ಬಾರದು, ಚಿಹ್ನೆ ಮಾತ್ರ ಎಲ್ಲರಿಗೂ ಒಂದೇ. ರಾತ್ರಿ ಹೊಳೆಯುವ ಪ್ರತಿಫಲಕ ಹಾಳೆಯಿಲ್ಲದೆ ಬರೀ ಬಣ್ಣ ಬಳಿದ ತಗಡು, ಅಪಾಯ ಹೆಚ್ಚಿರುವ ಹೊತ್ತಿನಲ್ಲಿಯೇ ನಿರುಪಯುಕ್ತವಾಗುತ್ತದೆ.

ಅರ್ಜಿ ಸಲ್ಲಿಸುವ ಮೊದಲು ರಸ್ತೆಯ ಒಡೆತನವನ್ನು ಖಚಿತಪಡಿಸಿಕೊಳ್ಳುವುದು. ರಾಜ್ಯ ಹೆದ್ದಾರಿಯಾದಲ್ಲಿ ಲೋಕೋಪಯೋಗಿ ಇಲಾಖೆ, ಊರೊಳಗಿನ ಬೀದಿಯಾದಲ್ಲಿ ಪಟ್ಟಣ ಪಂಚಾಯಿತಿ, ಹಸ್ತಾಂತರವಾಗದ ಬಡಾವಣೆಯ ರಸ್ತೆಯಾದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯನ್ನು ಸಂಪರ್ಕಿಸುವುದು. ಸ್ಥಳದ ನಕ್ಷೆಯೊಂದಿಗೆ, ಲಾರಿಗಳು ನಿಲ್ಲಲು ಪರ್ಯಾಯ ಜಾಗವನ್ನೂ ಅರ್ಜಿಯಲ್ಲಿ ಸೂಚಿಸುವುದು ಒಳಿತು. ಜಾಗ ತೋರಿಸದ ನಿಷೇಧದಿಂದ ಲಾರಿಗಳು ಪಕ್ಕದ ಗೇಟಿಗೆ ಸರಿಯುವುವಷ್ಟೆ. ನಿಲುಗಡೆ ಸ್ಥಳಗಳನ್ನು ನಿಗದಿಪಡಿಸಲು ಕಲಂ 117ರಲ್ಲಿ ಅವಕಾಶವಿದೆ.

ಅಧಿಕೃತ ಫಲಕವನ್ನು ಉದ್ದೇಶಪೂರ್ವಕವಾಗಿ ಕೀಳುವುದು, ವಿರೂಪಗೊಳಿಸುವುದು ನಿಷಿದ್ಧ. ವಾಹನ ತಗುಲಿ ಆಕಸ್ಮಿಕವಾಗಿ ಫಲಕವು ನಿರುಪಯುಕ್ತವಾದಲ್ಲಿ 24 ಗಂಟೆಗಳೊಳಗಾಗಿ ಪೊಲೀಸ್ ಠಾಣೆಗೆ ವರದಿ ಮಾಡತಕ್ಕದ್ದು.