ಕಾರಿನ ಕಂತನ್ನು ಅಡಿಕೆಯಲ್ಲಿ ಅಳೆಯೋಣ



ಸಂಘದ ಪ್ರಾಂಗಣದಲ್ಲಿ ಟೆಂಡರ್ ನಡೆಯುವ ದಿನ ನಮ್ಮ ಬೆಳೆಗಾರರ ವ್ಯವಹಾರ ಬುದ್ಧಿಯನ್ನು ನೋಡಬೇಕು. ರಾಶಿಗೆ ಕ್ವಿಂಟಲಿಗೆ ಇನ್ನೂರು ರೂಪಾಯಿ ಕಡಿಮೆ ಬಿತ್ತೆಂದು ಒಪ್ಪಿಗೆ ಕೊಡದೆ ಮುಂದಿನ ಟೆಂಡರಿಗೆ ಇಡುವವರು ಎಷ್ಟೋ ಜನರಿದ್ದಾರೆ. ತೂಕದ ಚೀಟಿಯನ್ನು ಎರಡು ಸಲ ಓದುತ್ತಾರೆ, ಹಮಾಲಿ ಎಷ್ಟು ಹಿಡಿದಿದ್ದಾರೆಂದು ಕೇಳುತ್ತಾರೆ. ಆದರೆ ಅದೇ ಬೆಳೆಗಾರರು ಶಿವಮೊಗ್ಗದ ಷೋರೂಮಿನಲ್ಲಿ ಎಂಟು ಹತ್ತು ಲಕ್ಷದ ಕಾರಿಗೆ, ಮುಂದಿಟ್ಟ ಕಾಗದಗಳಿಗೆಲ್ಲ ಅರ್ಧ ಗಂಟೆಯಲ್ಲಿ ರುಜು ಹಾಕಿ, ಹಾರ ಹಾಕಿದ ಕಾರಿನೆದುರು ಫೋಟೋ ತೆಗೆಸಿಕೊಂಡು ಬರುತ್ತಾರೆ. ಮಾರುವಾಗ ಇರುವ ಎಚ್ಚರ ಕೊಳ್ಳುವಾಗ ಏಕಿಲ್ಲ ಎಂಬುದು ಯೋಚಿಸತಕ್ಕ ವಿಷಯ.

ಕಾರು ಬೇಡವೆಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ನಮ್ಮ ಮೂರು ತಾಲ್ಲೂಕುಗಳಲ್ಲಿ ಒಂಟಿ ಮನೆಗಳೇ ಹೆಚ್ಚು. ನಗರ ಹೋಬಳಿಯ ಒಳಗಿನ ಮನೆಯೊಂದರಲ್ಲಿ ರಾತ್ರಿ ಎದೆನೋವು ಬಂದರೆ ಬಸ್ಸನ್ನು ನಂಬಿ ಕೂರುವಂತಿಲ್ಲ. ತೀರ್ಥಹಳ್ಳಿಯವರು ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿಯಲೇಬೇಕು. ಸಾಗರ ತಾಲ್ಲೂಕಿನ ತುಮರಿ ಕಡೆಯವರು ಲಾಂಚಿಗಾಗಿ ಕಾದು ಕಾದು ದಶಕಗಳನ್ನೇ ಕಳೆದರು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆದ ಮೇಲೆ ಅಲ್ಲಿಯ ಮನೆಗಳಲ್ಲೂ ಕಾರಿನ ಮಾತು ಬಂದಿರುವುದು ಸಹಜವೇ. ಇದನ್ನು ಷೋಕಿ ಎಂದು ಹಂಗಿಸುವುದು ಸರಿಯಲ್ಲ.

ಹಿಂದೆ ಚೌಕಾಸಿಗೆ ಆಸ್ಪದವೇ ಇರಲಿಲ್ಲ. ಅಂಬಾಸಿಡರ್ ಅಥವಾ ಪ್ರೀಮಿಯರ್ ಕಾರಿಗೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು, ಸಿಕ್ಕಿದ್ದೇ ಪುಣ್ಯ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಆಗಲೂ ಸರದಿ ತಪ್ಪಲಿಲ್ಲ. ಕಾರು ಕೊಡುವವನೇ ದೊಡ್ಡವನು ಎಂಬ ಭಾವನೆ ಆ ಕಾಲದ್ದು. ಈಗ ಕಾರು ಕೊಡುವವರು ನಮ್ಮ ಮನೆ ಬಾಗಿಲಿಗೆ ಬರುತ್ತಾರೆ, ಆದರೂ ಆ ಭಾವನೆ ಮಾತ್ರ ನಮ್ಮಿಂದ ಹೋಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಷೋರೂಮಿನಲ್ಲಿ ಮೊದಲು ಕೇಳುವ ಪ್ರಶ್ನೆ, 'ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?' ಎಂಬುದು. ಈ ಪ್ರಶ್ನೆ ಸಂಬಳದವರಿಗೆ ಸರಿ. ನಮಗೆ ತಿಂಗಳ ಆದಾಯವೆಂಬುದು ಎಲ್ಲಿದೆ? ಕೊನೆ ಕೊಯ್ಲು, ಬೇಯಿಸಿ ಒಣಗಿಸುವುದು ಮುಗಿದು ಅಡಿಕೆ ಸಂಘಕ್ಕೆ ಬಂದ ಮೇಲೆ ಹಣ. ಮಳೆಗಾಲದಲ್ಲಿ ಬರೀ ಖರ್ಚು, ಅದರಲ್ಲೂ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ ಒಟ್ಟಿಗೇ ಬೀಳುತ್ತದೆ. ಆದುದರಿಂದ ಕಂತನ್ನು ರೂಪಾಯಿಯಲ್ಲಿ ನೋಡದೆ ವರ್ಷಕ್ಕೆ ಎಷ್ಟು ಕ್ವಿಂಟಲ್ ಅಡಿಕೆ ಎಂದು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಉದಾಹರಣೆಗೆ ರೂ. 6 ಲಕ್ಷ ಸಾಲ, ಶೇಕಡಾ 9 ಬಡ್ಡಿ, ಏಳು ವರ್ಷದ ಅವಧಿ ಎಂದು ಹಿಡಿಯಿರಿ. ತಿಂಗಳ ಕಂತು ಸುಮಾರು ರೂ. 9,650. ಕೇಳಲು ಹಗುರ. ವರ್ಷಕ್ಕೆ ಅದು ಸುಮಾರು ರೂ. 1,16,000. ರಾಶಿ ಕ್ವಿಂಟಲಿಗೆ 50,000 ಇದ್ದರೆ ಎರಡೂಕಾಲು ಕ್ವಿಂಟಲಿಗಿಂತ ಸ್ವಲ್ಪ ಹೆಚ್ಚು ಅಡಿಕೆ ಕಾರಿಗೆ ಹೋಯಿತು. ಧಾರಣೆ 35,000ಕ್ಕೆ ಇಳಿದರೆ ಮೂರೂಕಾಲು ದಾಟುತ್ತದೆ. 25,000ಕ್ಕೆ ಇಳಿದರೆ ನಾಲ್ಕೂವರೆ ಮೀರುತ್ತದೆ. ಹತ್ತು ಕ್ವಿಂಟಲ್ ಬೆಳೆಯುವ ಮನೆಯಲ್ಲಿ ತೋಟದ ಖರ್ಚು ಕಳೆದು ಉಳಿಯುವುದೇ ಅಷ್ಟಿರಬಹುದು. ಧಾರಣೆ ಅಷ್ಟು ಇಳಿಯುವುದುಂಟೇ ಎಂದು ಕೇಳುವವರು 2014ರಲ್ಲಿ ಏರಿದ್ದು ಮುಂದಿನ ಎರಡು ವರ್ಷಗಳಲ್ಲಿ ಎಲ್ಲಿಗೆ ಬಂತೆಂಬುದನ್ನು ತಮ್ಮ ಹಳೆಯ ಪಟ್ಟಿಗಳಲ್ಲೇ ನೋಡಿಕೊಳ್ಳಲಿ. ಕೊಳೆ ರೋಗ ಮೊದಲಿನಿಂದ ಇದ್ದದ್ದೇ. ಈಗ ಎಲೆಚುಕ್ಕೆ ರೋಗವೂ ಹೊಸನಗರ, ತೀರ್ಥಹಳ್ಳಿ ಕಡೆ ತೋಟಗಳನ್ನು ಹಿಡಿದಿರುವಾಗ ಏಳು ವರ್ಷವೂ ಹತ್ತು ಕ್ವಿಂಟಲ್ ಬಂದೇ ಬರುತ್ತದೆಂದು ಯಾರು ಬರೆದುಕೊಡುತ್ತಾರೆ? 2024-25ರಲ್ಲಿ ಕಾಫಿಗೆ ದಾಖಲೆಯ ಬೆಲೆ ಬಂದಾಗ ಆ ಒಂದು ವರ್ಷದ ಲೆಕ್ಕದ ಮೇಲೆ ದೊಡ್ಡ ಕಾರಿಗೆ ಮುಂಗಡ ಕೊಟ್ಟವರಿಗೂ ಈ ಮಾತು ಅನ್ವಯಿಸುತ್ತದೆ.

ಅದೇ ಸಾಲವನ್ನು ಮೂರು ವರ್ಷದಲ್ಲಿ ತೀರಿಸಿದರೆ ಒಟ್ಟು ಬಡ್ಡಿ ಸುಮಾರು ರೂ. 87,000. ಏಳು ವರ್ಷಕ್ಕೆ ಎಳೆದರೆ ಸುಮಾರು ರೂ. 2,11,000. ಮೂರು ವರ್ಷದಲ್ಲಿ ತೀರಿಸಲಾಗದ ಕಾರು ನಮ್ಮ ಅಳತೆಯದಲ್ಲ ಎಂದೇ ನಾನು ಹೇಳುತ್ತೇನೆ; ಐದು ಎನ್ನುವವರೊಡನೆ ಜಗಳವಿಲ್ಲ, ಏಳು ಎನ್ನುವವರೊಡನೆ ಇದೆ. ಕೃಷಿಕರಿಗೆ ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಕಂತು ಕಟ್ಟುವ ಏರ್ಪಾಡು ಕೆಲವೆಡೆ ಉಂಟು. ಕೇಳದೆ ಯಾರೂ ಹೇಳುವುದಿಲ್ಲ. ಅಡಿಕೆ ಮಾರಿದಾಗ ಅಸಲಿಗೆ ಒಂದಿಷ್ಟು ಮುಂಚಿತವಾಗಿ ಕಟ್ಟಿದರೆ ದಂಡ ಹಾಕುತ್ತಾರೆಯೇ ಎಂಬುದನ್ನೂ ಸಾಲಪತ್ರಕ್ಕೆ ರುಜು ಹಾಕುವ ಮೊದಲೇ ಕೇಳಬೇಕು.

'ಬಡ್ಡಿ ಆರೇ ಪರ್ಸೆಂಟು' ಎಂದು ಯಾರಾದರೂ ಹೇಳಿದರೆ ಕಿವಿ ನಿಮಿರಬೇಕು. ಅದು ಫ್ಲ್ಯಾಟ್ ಬಡ್ಡಿಯಾಗಿದ್ದರೆ, ನೀವು ಅಸಲು ತೀರಿಸುತ್ತಾ ಬಂದರೂ ಮೊದಲ ದಿನದ ಪೂರ್ಣ ಮೊತ್ತದ ಮೇಲೇ ಕೊನೆಯವರೆಗೆ ಬಡ್ಡಿ ಬೀಳುತ್ತದೆ. ಐದು ಲಕ್ಷಕ್ಕೆ ಐದು ವರ್ಷ ಆರರಂತೆ ಒಂದೂವರೆ ಲಕ್ಷ ಬಡ್ಡಿ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ಶೇಕಡಾ 11ರ ಹತ್ತಿರದ ಬಡ್ಡಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ, ಎಲ್ಲ ಶುಲ್ಕ ಸೇರಿಸಿದ ನಿಜವಾದ ವಾರ್ಷಿಕ ದರವನ್ನು ತೋರಿಸುವ ಒಂದು ಮುಖ್ಯ ವಿವರಗಳ ಪತ್ರವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಅದನ್ನು ಕೇಳಿ ಪಡೆದು ಮನೆಗೆ ತಂದು ಓದಿರಿ.

ಇನ್ನೊಂದು ಮಾತು ಕೆಲವರಿಗೆ ಕಹಿಯಾಗಬಹುದು. ಪ್ರಾಥಮಿಕ ಸಂಘಗಳ ಮೂಲಕ ಸಿಗುವ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 2023-24ರ ರಾಜ್ಯ ಮುಂಗಡಪತ್ರದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಈ ಹಣವನ್ನು ಕಾರಿನ ಮುಂಗಡಕ್ಕೆ ತಿರುಗಿಸುವ ಪದ್ಧತಿ ನಮ್ಮಲ್ಲಿ ಬೆಳೆಯುತ್ತಿದೆ. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಆ ಬಡ್ಡಿ ಶೂನ್ಯ. ಹಣ ಕಾರಿನಲ್ಲಿ ಕೂತಿದ್ದರೆ ಗಡುವಿಗೆ ಕೈಸಾಲ, ಅದನ್ನು ತೀರಿಸಲು ಹೊಸ ಬೆಳೆಸಾಲ, ಈ ನಡುವೆ ತೋಟಕ್ಕೆ ಗೊಬ್ಬರವಿಲ್ಲ. ಬೆಳೆಸಾಲ ಬೆಳೆಗೇ ಇರಲಿ.

ಇನ್ನು ಚೌಕಾಸಿ. ಮೊದಲು ಕಾರಿನ ಒಟ್ಟು ಬೆಲೆ ತೀರ್ಮಾನವಾಗಲಿ, ಸಾಲದ ಮಾತು ಆಮೇಲೆ. ಹಳೆಯ ಕಾರು ಬದಲಿಗೆ ಕೊಡುವುದಿದ್ದರೆ ಅದರ ಮಾತು ಅದಕ್ಕೂ ಆಮೇಲೆ. ಮೂರನ್ನೂ ಬೆರೆಸಿದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಿತ್ತುಕೊಳ್ಳುವುದು ಸುಲಭ. ಆನ್ ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಕಾಗದದ ಮೇಲೆ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28 ಮತ್ತು ಸೆಸ್ ಇದ್ದದ್ದು 18ಕ್ಕೆ ಇಳಿದಿದೆ, ಅದರಲ್ಲಿ ಚೌಕಾಸಿ ಇಲ್ಲ. ನಮ್ಮ ರಾಜ್ಯದ ಆಜೀವ ತೆರಿಗೆಯಲ್ಲೂ ಇಲ್ಲ. ಆದರೆ ಮೆಟ್ಟಿಲು ಗಮನಿಸಿ. ಐದು ಲಕ್ಷದವರೆಗೆ ಶೇಕಡಾ 13, ಹತ್ತರವರೆಗೆ 14, ಹತ್ತು ದಾಟಿದರೆ 17. ಒಂಬತ್ತು ಲಕ್ಷ ತೊಂಬತ್ತೈದು ಸಾವಿರದ ಕಾರು ಬಿಟ್ಟು ಹತ್ತು ಲಕ್ಷ ಐದು ಸಾವಿರದ್ದನ್ನು ಆರಿಸಿದರೆ, ಹತ್ತು ಸಾವಿರದ ವ್ಯತ್ಯಾಸಕ್ಕೆ ತೆರಿಗೆಯೇ ಮೂವತ್ತೊಂದು ಸಾವಿರ ಏರುತ್ತದೆ. ಹತ್ತು ಲಕ್ಷ ದಾಟಿದರೆ ಶೇಕಡಾ 1ರಂತೆ ಆದಾಯ ತೆರಿಗೆಯ ಲೆಕ್ಕಕ್ಕೂ ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸುವವರಿಗೆ ಅದು ವಾಪಸು ಸಿಗಬಹುದು, ಕೃಷಿ ಆದಾಯ ಮಾತ್ರವಿದ್ದು ರಿಟರ್ನ್ಸ್ ಹಾಕದವರು ಅದನ್ನು ಮರೆತೇಬಿಡುತ್ತಾರೆ.

ಎಳೆದಾಡಲು ಜಾಗವಿರುವುದು ವಿಮೆಯಲ್ಲಿ, ಬಿಡಿ ಸಾಮಾನಿನಲ್ಲಿ, 'ಹ್ಯಾಂಡ್ಲಿಂಗ್' ಎಂದು ಸೇರಿಸುವ ಬಾಬಿನಲ್ಲಿ. ಹೊಸ ಕಾರಿಗೆ ಮೂರು ವರ್ಷದ ಮೂರನೇ ವ್ಯಕ್ತಿ ವಿಮೆ ಕಡ್ಡಾಯ ಹೌದು, ಆದರೆ ಡೀಲರ್ ಹೇಳಿದ ಕಂಪನಿಯಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊರಗೆ ಒಂದು ದರ ವಿಚಾರಿಸಿಕೊಂಡು ಹೋದರೆ ಒಳಗಿನ ದರ ತಾನಾಗಿ ಇಳಿಯುತ್ತದೆ. ಕಾರು ತಯಾರಾದ ತಿಂಗಳು ಯಾವುದೆಂದು ಕೇಳಿ. ಜನವರಿಯಲ್ಲಿ ಕೊಂಡ ಡಿಸೆಂಬರಿನ ಕಾರು ಮುಂದೆ ಮಾರುವಾಗ ಒಂದು ವರ್ಷ ಹಳತು. ಆಷಾಢದಲ್ಲಿ ಹೊಸ ಕಾರು ಕೊಳ್ಳುವವರು ಕಡಿಮೆ, ಷೋರೂಮಿನವರಿಗೆ ಮಾರುವ ಗರಜು ಹೆಚ್ಚು, ನಮ್ಮ ಅಡಿಕೆಯ ಹಣವೂ ಆ ವೇಳೆಗೆ ಕೈಗೆ ಬಂದಿರುತ್ತದೆ. ಶಾಸ್ತ್ರ ನೋಡುವವರು ಬೆಲೆ ಆಷಾಢದಲ್ಲಿ ಗೊತ್ತುಮಾಡಿ ಕಾರನ್ನು ಶ್ರಾವಣದಲ್ಲಿ ತರಲಿ, ಯಾರು ಬೇಡವೆಂದರು?

ಒಬ್ಬೊಬ್ಬರೇ ಹೋದರೆ ಇಷ್ಟು ಸಾಧ್ಯ. ಕೂಡಿ ಹೋದರೆ ಇನ್ನೂ ಹೆಚ್ಚು ಸಾಧ್ಯವೆಂಬುದನ್ನು ಸಹಕಾರಿಗಳಿಗೆ ಹೇಳಿಕೊಡಬೇಕಾಗಿಲ್ಲ. ಮೈಲುತುತ್ತವನ್ನು ಸಂಘ ಒಟ್ಟಿಗೆ ತರಿಸಿ ಸದಸ್ಯರಿಗೆ ಕೊಡುವಾಗ ಸಿಗುವ ದರ ಒಂದು ಚೀಲ ಕೊಳ್ಳುವವನಿಗೆ ಸಿಗುವುದಿಲ್ಲ. ಹಾಗೆಯೇ ಈ ವರ್ಷ ಕಾರು ಕೊಳ್ಳಬೇಕೆಂದಿರುವ ಸದಸ್ಯರು ಹೆಸರು ಮತ್ತು ಮಾದರಿಯನ್ನು ಸಂಘದಲ್ಲಿ ಬರೆಸಲಿ. ಎಂಟು ಹತ್ತು ಜನರಾದರೆ ಸಂಘದಿಂದ ಸಾಗರ, ಶಿವಮೊಗ್ಗಗಳ ಡೀಲರುಗಳಿಗೆ ಪತ್ರ ಬರೆದು ಮುಚ್ಚಿದ ಲಕೋಟೆಯಲ್ಲಿ ದರ ತರಿಸಲಿ. ನಿರ್ದೇಶಕರು ತಮಗೆ ಬೇಕಾದವರಿಗೆ ಕೊಡಿಸುತ್ತಾರೆಂಬ ಗುಮಾನಿ ಏಳುತ್ತದೆಂದು ಬಲ್ಲೆ. ಲಕೋಟೆಗಳನ್ನು ಹೆಸರು ಬರೆಸಿದ ಸದಸ್ಯರ ಎದುರಿಗೇ ಒಡೆಯಲಿ, ಟೆಂಡರಿನಲ್ಲಿ ದರ ಓದಿದಂತೆ ಓದಲಿ, ಒಪ್ಪುವುದು ಬಿಡುವುದು ಆಯಾ ಸದಸ್ಯರ ಇಷ್ಟ. ಸಂಘ ಜಾಮೀನು ನಿಲ್ಲಬಾರದು, ಹಣ ಮುಟ್ಟಬಾರದು, ಕಮಿಷನ್ ತೆಗೆದುಕೊಳ್ಳಬಾರದು. ಖರ್ಚು ಅಂಚೆಯದಷ್ಟೇ.

ವಾರ್ಷಿಕ ಮಹಾಸಭೆ ಸೆಪ್ಟೆಂಬರಿನೊಳಗೆ ನಡೆಯುತ್ತದೆ. ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ನಾನು ಲಿಖಿತವಾಗಿ ಕೇಳಲಿದ್ದೇನೆ. ಒಪ್ಪುವವರು ತಮ್ಮ ರುಜುವನ್ನೂ ಸೇರಿಸಬಹುದು. ಒಪ್ಪದವರು ಕಾರಣವನ್ನು ಈ ಪತ್ರಿಕೆಗೇ ಬರೆದು ತಿಳಿಸಿದರೆ ಸಂತೋಷ.